ಕನಸಿಗೆ ನೂಲು ಹಿಡಿದ ನಮ್ಮ ಕಾಕಾ

ನಮ್ಮ ಕಾಕಾನಷ್ಟು ಕಷ್ಟಪಟ್ಟು ನಿದ್ದೆ ಮಾಡಿದ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ! ನಿದ್ದೆಗೆ ಎಂಥ ಕಷ್ಟ ಅನ್ನುತ್ತೀರಾ? ನೀವೂ ನಾನೂ ಮಾಡುವುದು ನಿದ್ದೆಯೇ ಅಲ್ಲ ಬಿಡಿ. ತಲೆ ಇಟ್ಟೆವು, ಗೊರಕೆ ಹೊಡೆದೆವು, ಎದ್ದೆವು, ಮುಗಿಯಿತು. ಕಾಕಾ ನಿದ್ದೆಗೆ ಹೋಗುವುದೆಂದರೆ ಕೆಲಸಕ್ಕೆ ಹೋದ ಹಾಗೆ. ಹೋಗುವ ಮುಂಚೆ ತಯಾರಿ, ಹೋದ ಮೇಲೆ ದುಡಿಮೆ, ತಿರುಗಿ ಬಂದ ಮೇಲೆ ವರದಿ. ಆ ವರದಿ ಕೇಳುವ ಕರ್ಮ ಮಾತ್ರ ನನ್ನದು.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಆಳಂದದಲ್ಲಿ ಬೋರ್ಡ್ ಬರೆಯುವ ಪೇಂಟರ್. ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಆಳಂದದ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ಹೆಣ್ಣುಮಗಳು ಒಬ್ಬಳೇ ಬಾಡಿಗೆ ಮನೆಯಲ್ಲಿರುವುದೇ ಎಂದು ಅಪ್ಪ ನನ್ನ ಟ್ರಂಕನ್ನು ಕಾಕಾನ ಪಡಸಾಲೆಯಲ್ಲಿ ಇಳಿಸಿ ಹೋದರು. ಕನ್ನಡ, ಮರಾಠಿ, ಉರ್ದು, ಮೂರೂ ಲಿಪಿ ಕಾಕಾನ ಕೈಯಲ್ಲಿ ನೀರು ಕುಡಿದಷ್ಟು ಸಲೀಸು. ಆಳಂದ, ಅಫಜಲಪುರ, ಜೇವರ್ಗಿಯ ಬಜಾರಿನಲ್ಲಿ ನೀವು ಯಾವ ಅಂಗಡಿಯ ಮುಂದೆ ತಲೆ ಎತ್ತಿದರೂ ಅವರದೇ ಅಕ್ಷರ.

ಆದರೆ ಕಿವಿ ಇಲ್ಲ. ಮೂವತ್ತರ ವಯಸ್ಸಿನಲ್ಲಿ ಬಂದ ಒಂದು ಜ್ವರ ಹೋಗುವಾಗ ಎರಡೂ ಕಿವಿಗಳನ್ನು ಗಂಟು ಕಟ್ಟಿಕೊಂಡು ಹೋಗಿತ್ತು. ತಮ್ಮ ಧ್ವನಿ ತಮಗೇ ಕೇಳದ್ದರಿಂದ ಕಾಕಾನ ಮಾತೆಲ್ಲ ಕೂಗೇ. "ಬಾ ಇಲ್ಲೆ, ಒಂದು ಗುಟ್ಟ ಹೇಳ್ತೇನಿ" ಎಂದರೆ ಸಾಕು, ಓಣಿಯ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು!

ನಾವು ಅವರಿಗೆ ಹೇಳಬೇಕಾದದ್ದೆಲ್ಲ ಪಾಟಿಯ ಮೇಲೆ ಬಳಪದಿಂದ ಬರೆದೇ. ಕಾಕು, ಅಂದರೆ ಕಾಕಾನ ಹೆಂಡತಿ, ಅಕ್ಕಲಕೋಟ ಕಡೆಯವಳು. ಎರಡನೇ ಇಯತ್ತೆಯವರೆಗೆ ಮರಾಠಿ ಶಾಲೆ ಕಲಿತಿದ್ದಳು. ಕನ್ನಡ ಮಾತು ಬರುತ್ತಿತ್ತು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ಕನ್ನಡದ ಬೈಗುಳವನ್ನು ಮರಾಠಿ ಅಕ್ಷರದಲ್ಲಿ ಬರೆದು ಗಂಡನ ಮೂಗಿಗೆ ಹಿಡಿಯುತ್ತಿದ್ದಳು! ಕಾಕಾ ಅದನ್ನು ಓದಿ ಸಿಟ್ಟಾಗಬೇಕಲ್ಲವೇ? ಎಲ್ಲಿ ಬಂತು! "ಮ್ಯಾಲಿನ ಗೆರಿ ಯಾಕ ಇಷ್ಟ ಡೊಂಕ ಎಳೀತಿ? ಕೈ ನೆಟ್ಟಗ ಇಡಬೇಕು" ಎಂದು ತಿದ್ದುತ್ತಿದ್ದರು. ಬೈದವಳ ಗತಿ ಏನಾಗಬೇಡ? ಅವಳು ಅಳಿಸಿ ಇನ್ನೊಂದು ಬೈಗುಳ ಬರೆಯುತ್ತಿದ್ದಳು, ಈ ಸಲ ಗೆರೆ ನೆಟ್ಟಗೆ.

ಇವರಿಗೆ ಒಬ್ಬಳೇ ಮಗಳು, ನೀಲಮ್ಮ. ಹುಟ್ಟಿದ್ದು ಆ ಜ್ವರ ಬಂದುಹೋದ ಆರು ತಿಂಗಳಿಗೆ. ಲೆಕ್ಕ ಹಾಕಿ ನೋಡಿ. ಕಾಕಾ ಎಲ್ಲರ ಧ್ವನಿಯನ್ನೂ ಕೇಳಿದ್ದರು. ಕಾಕುವಿನದು, ನಮ್ಮ ಅಪ್ಪನದು, ಹವಳಗಾ ದಾರಿಯಲ್ಲಿ ಕಬ್ಬಿನ ಗಾಡಿ ಎಳೆಯುವ ಎತ್ತಿನ ಗೆಜ್ಜೆಯದು, ನಾನು ಕೂಸಿದ್ದಾಗ ಅತ್ತದ್ದು ಕೂಡ. ಮಗಳ ಧ್ವನಿಯೊಂದನ್ನು ಬಿಟ್ಟು.

ಆ ಧ್ವನಿಯೋ, ಕೇಳಬೇಕು ನೀವು! ಹತ್ತು ವರ್ಷದ ಹುಡುಗಿಗೆ ಫೌಜುದಾರನ ಗಂಟಲು. ನನ್ನದೇ ತರಗತಿಯಲ್ಲಿದ್ದಳು. ಹಾಜರಿ ಕರೆದಾಗ ಅವಳು "ಹಾಜರ್ ಅಕ್ಕೋರೆ!" ಎಂದರೆ ಪಕ್ಕದ ಖೋಲಿಯ ಮಾಸ್ತರರು ಏನಾಯಿತೆಂದು ಹೊರಗೆ ಬರುತ್ತಿದ್ದರು. ಕಾಕಾ ಬಂದವರನ್ನೆಲ್ಲ ಕೇಳುತ್ತಿದ್ದರು, "ನನ್ನ ಮಗಳ ಧ್ವನಿ ಹ್ಯಾಂಗದರಿ?" ಎಲ್ಲರೂ ಪಾಟಿಯ ಮೇಲೆ "ಛಲೋ ಅದ" ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ನಾನೂ ಅದನ್ನೇ ಬರೆದೆ. ಕಾಕಾ ಬಿಡುವವರೇ?

"ಛಲೋ ಅಂದ್ರ ಏನ್ ಬೇ? ದಪ್ಪೋ, ಸಣ್ಣೋ? ಬ್ರಷ್ ನಂಬರ್ ಹೇಳು!"

ಧ್ವನಿಗೆ ಎಲ್ಲಿಯ ಬ್ರಷ್ ನಂಬರ್! ನಾನು ಓದಿದ ಬಿ.ಎ.ಯಲ್ಲಿ ಅದನ್ನು ಕಲಿಸಿರಲಿಲ್ಲ. ಯೋಚಿಸಿ ನೋಡಿ, ಒಂದು ಧ್ವನಿಯನ್ನು ಪಾಟಿಯ ಮೇಲೆ ಹೇಗೆ ಬರೆಯುತ್ತೀರಿ? ನಾನು ನಕ್ಕು ಪಾಟಿ ಒರೆಸಿಬಿಟ್ಟೆ. ಕಾಕಾ ನಗಲಿಲ್ಲ.

ಒಂದು ಬೇಸಿಗೆಯಲ್ಲಿ ಗೊಬ್ಬೂರಿನ ಹಿಟ್ಟಿನ ಗಿರಣಿಯ ಗೋಡೆ ಬರೆಯಲು ಹೋಗಿದ್ದರು. ಮಧ್ಯಾಹ್ನ ಬುತ್ತಿ ಉಂಡು ಬೇವಿನ ಗಿಡದ ಬುಡದಲ್ಲಿ ಅಡ್ಡಾದರು. ಕನಸು ಬಿತ್ತು. ಕನಸಿನಲ್ಲೂ ಅದೇ ಗೋಡೆ. "ಹಿಟ್ಟಿನ ಗಿರಣಿ" ಎಂದು ಓದಿಕೊಂಡರು. ಆಚೆ ನೋಡಿ ಮತ್ತೆ ಈಚೆ ನೋಡಿದರೆ "ಕಟ್ಟಿಗಿ ಅಡ್ಡೆ" ಎಂದಿದೆ! ಇನ್ನೊಮ್ಮೆ ನೋಡಿದರೆ ಇನ್ನೇನೋ. "ನಾ ಬರದ ಅಕ್ಷರಕ್ಕ ಯಾವ ಮಗ ಕೈ ಹಚ್ಚಿದ?" ಎಂದು ಕನಸಿನಲ್ಲೇ ರೇಗಿದರಂತೆ. ಆಮೇಲೆ ಹೊಳೆಯಿತು: ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಬರಬೇಕಾದರೆ ಕೆಳಗಿನದು ಒಣಗಬೇಕು, ಇಷ್ಟು ಬೇಗ ಯಾವ ಬಣ್ಣವೂ ಒಣಗುವುದಿಲ್ಲ, ಅಂದಮೇಲೆ ಇದು ಕನಸೇ! ನಿಮಗೂ ನನಗೂ ಇಂಥ ಬುದ್ಧಿ ಹೊಳೆದೀತೇ? ಹಾಗೆ ಹೊಳೆದದ್ದೇ ತಡ, ಗಿರಣಿಯ ಪಟ್ಟಾ ಪಟಪಟ ಅನ್ನುವುದು ಕೇಳಿಸಿತಂತೆ. ಕಾಗೆ ಕೂಗಿದ್ದು ಕೇಳಿಸಿತಂತೆ. ಕನಸಿನಲ್ಲಿ ಅವರಿಗೆ ಕಿವಿ ಇತ್ತು! ಆ ಮೊದಲೂ ಇದ್ದಿರಬೇಕು, ಆದರೆ ಕನಸೆಂದು ಗೊತ್ತಿಲ್ಲದವನಿಗೆ ಕಿವಿ ಕೇಳುವುದು ದೊಡ್ಡ ಸಂಗತಿ ಅನ್ನಿಸುವುದಿಲ್ಲವಲ್ಲ. ಗೋಡೆಯ ಹಿಂದಿನಿಂದ ನೀಲಮ್ಮ ಓಡಿ ಬಂದಳು. ಬಾಯಿ ತೆರೆದಳು.

ಎಚ್ಚರವಾಯಿತು.

"ಬಾಯಿ ತೆರದಳು ಬೇ! ಇನ್ನ ಮಾತಾಡ್ತಾಳ ಅನ್ನೂದ್ರಾಗ ಖುಷಿ ಆತು ನನಗ. ಖುಷಿ ಆದಕೂಡ್ಲೆ ಎಚ್ಚರ!" ಎಂದು ಸಂಜೆ ನನಗೆ ಗುಟ್ಟು ಹೇಳಿದರು. ಓಣಿಯವರೆಲ್ಲ "ಅಯ್ಯ ಪಾಪ" ಎಂದು ಲೊಚಗುಟ್ಟಿದರು. ಕಾಕಾ ಅವತ್ತೇ ಸಂಕಲ್ಪ ಮಾಡಿದರು. "ಕನಸಿನ್ಯಾಗ ಇನ್ನ ತುಸು ಹೊತ್ತು ನಿಂದರಬೇಕು. ಒಂದು ಮಾತು ಕೇಳಿ ಬರ್ತೇನಿ, ಜಾಸ್ತಿ ಬ್ಯಾಡ."

ಅಲ್ಲಿಂದ ಶುರುವಾಯಿತು ನೋಡಿ ಪ್ರಯೋಗ! ಮೊದಲು ಊಟದ್ದು. ಎರಡು ರೊಟ್ಟಿ ತಿಂದರೆ ಕನಸು ಗಿಡ್ಡ. ನಾಲ್ಕು ತಿಂದರೆ ಕನಸೇ ಇಲ್ಲ, ಬರೀ ಗೊರಕೆ. ಮೂರು ಬರೋಬ್ಬರಿ. ಪುಂಡಿಪಲ್ಯ ಉಂಡರೆ ಕನಸು ತಿಳಿಯಾಗಿರುತ್ತದೆ, ಬದನೆಕಾಯಿ ಉಂಡರೆ ಕನಸಿನಲ್ಲಿ ಸಂಬಂಧಿಕರು ಬರುತ್ತಾರೆ, ಆದ್ದರಿಂದ ಬದನೆಕಾಯಿ ಬಂದ್! ಆಮೇಲೆ ಜಾಗದ್ದು. ಜೇವರ್ಗಿಯ ಹತ್ತಿಯ ಅಂಡಿಗೆ ಮೆತ್ತಗಿದ್ದರೂ ಕನಸು ಜಾರುತ್ತದೆ, ತೊಗರಿಯ ಚೀಲ ತುಸು ಚುಚ್ಚಿದರೂ ಕನಸು ನಿಲ್ಲುತ್ತದೆ. ಯಾವ ಅಂಗಡಿಯವನು ಬೋರ್ಡ್ ಬರೆಸಲು ಕರೆದರೂ ಕಾಕಾನ ಮೊದಲ ಪ್ರಶ್ನೆ, "ನಿಮ್ಮಲ್ಲಿ ತೊಗರಿ ಚೀಲ ಅವಯೇನ್ರಿ?" ಅಂಗಡಿ ಚಪ್ಪಲಿಯದಾಗಿದ್ದರೂ!

ಇದೆಲ್ಲಕ್ಕಿಂತ ಮುಖ್ಯವಾದದ್ದು, ಎರಡು ಸಲ ಓದುವುದು. ಎಚ್ಚರದಲ್ಲಿ ರೂಢಿಯಾದರೆ ಕನಸಿನಲ್ಲೂ ಓದುತ್ತೇನೆ, ಅಕ್ಷರ ಬದಲಾದರೆ ಕನಸೆಂದು ತಿಳಿಯುತ್ತದೆ ಎಂಬುದು ಅವರ ತರ್ಕ. ಹೀಗಾಗಿ ಕಂಡ ಅಕ್ಷರವನ್ನೆಲ್ಲ ಓದಿ, ಮುಖ ತಿರುಗಿಸಿ, ಮತ್ತೆ ಓದುವುದು. ಒಮ್ಮೆ ನಾನೂ ಅವರೂ ಜೇವರ್ಗಿಗೆ ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆವು. ತಿರುಗಿ ಬರುವಾಗ ಕಾಕಾ ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರಿನ ದೊಡ್ಡ ಬೋರ್ಡಿನ ಮುಂದೆ ನಿಂತರು. ಓದಿದರು, ಮುಖ ತಿರುಗಿಸಿದರು, ಮತ್ತೆ ಓದಿದರು. ನಾನು ಕೈ ಹಿಡಿದು ಎಳೆದರೂ ಕದಲಲಿಲ್ಲ. ಅಷ್ಟರಲ್ಲಿ ಬಸ್ಸು ಹೋಯಿತು. ಪಕ್ಕದಲ್ಲಿದ್ದ ಮುದುಕರೊಬ್ಬರಿಗೆ ಮರುಕ ಹುಟ್ಟಿ, "ಓದಾಕ ಬರೂದಿಲ್ಲೇನ್ ಪಾಪ? ಅದು ಆಳಂದ ಅಂತ ಅದ ನೋಡಪಾ" ಎಂದು ಒಂದೊಂದೇ ಅಕ್ಷರ ಬೆರಳಿಟ್ಟು ತೋರಿಸಿದರು. ಆ ಬೋರ್ಡ್ ಬರೆದವರು ಯಾರೆಂದು ನಾನು ಹೇಳಲಿಲ್ಲ. ಹೇಗೆ ಹೇಳಲಿ!

ಕನಸೆಂದು ಗೊತ್ತಾಗುವುದೇನೋ ಬಂತು, ನಿಲ್ಲುವುದು ಬರಲಿಲ್ಲ. ಮಗಳು ಬಂದಾಕ್ಷಣ ಕನಸು ಕರಗುತ್ತಿತ್ತು. ಆಗ ಕಾಕಾ ತಮ್ಮ ಕಸುಬಿನ ಯುಕ್ತಿ ತೆಗೆದರು. ಗೋಡೆಯ ಮೇಲೆ ನೆಟ್ಟಗಿನ ಗೆರೆ ಬೇಕಾದರೆ ಪೇಂಟರುಗಳು ನೂಲಿಗೆ ನೀಲಿಪುಡಿ ಸವರುತ್ತಾರೆ. ಒಂದು ತುದಿ ತಾವು ಹಿಡಿದು ಇನ್ನೊಂದು ತುದಿಯನ್ನು ಎದುರಿದ್ದವರ ಕೈಗೆ ಕೊಟ್ಟು, ಬಿಗಿಯಾಗಿ ಜಗ್ಗಿ, ನಡುವೆ ಎತ್ತಿ ಬಿಟ್ಟರೆ ಟಪ್ ಎಂದು ಗೆರೆ ಮೂಡುತ್ತದೆ. ಕನಸಿನಲ್ಲೂ ಹಾಗೇ, ಯಾರು ಎದುರಿಗೆ ಬಂದರೂ ಮೊದಲು ನೂಲಿನ ತುದಿ ಕೊಟ್ಟುಬಿಡುವುದು. ಜಗ್ಗಿ ಹಿಡಿದಿರುವಷ್ಟು ಹೊತ್ತು ಅವರೂ ಹೋಗುವುದಿಲ್ಲ, ತಾವೂ ಹೋಗುವುದಿಲ್ಲ! ಈ ಯುಕ್ತಿಯಿಂದ ಒಬ್ಬ ತರಕಾರಿಯವಳೂ ಇಬ್ಬರು ಕಂಡಕ್ಟರುಗಳೂ ಕನಸಿನಲ್ಲಿ ನಿಂತು ಮಾತಾಡಿ ಹೋದರಂತೆ. "ಕಂಡಕ್ಟರ್ ಬಾಯಿ ಭಾಳ ಕೆಟ್ಟದ್ದು ಬೇ, ಆದ್ರ ಕೇಳಾಕ ಎಷ್ಟು ಛಂದ!" ಎಂದು ಕಾಕಾ ಹಿಗ್ಗಿದರು.

ಆ ಉಮೇದಿನಲ್ಲೇ ಅಫಜಲಪುರದ ಎಡವಟ್ಟು ನಡೆದದ್ದು. ಅಲ್ಲೊಬ್ಬ ಕಾಳುಕಡಿ ವ್ಯಾಪಾರದ ಅಡತಿ ಅಂಗಡಿಯ ಸಾಹುಕಾರ. ಬೋರ್ಡಿನಲ್ಲಿ ಮೇಲಿನ ದೇವರ ಹೆಸರಿಗಿಂತ ಕೆಳಗಿನ ತನ್ನ ಹೆಸರು ದಪ್ಪ ಇರಬೇಕೆಂದು ಕಾಕಾನಿಂದ ಮೂರು ಸಲ ಬರೆಸಿದ್ದ. ಕಾಕಾ ತುಟಿಪಿಟಕ್ಕೆನ್ನದೆ ಬರೆದುಕೊಟ್ಟು, ಒಳಗೇ ಕುದಿಯುತ್ತಿದ್ದರು. ಒಂದು ದಿನ ಎದುರಿನ ಅಂಗಡಿಯ ಕೆಲಸಕ್ಕೆ ಹೋದವರು ಉಂಡು ಮಲಗಿದರು. ಮಲಗುವ ಮುಂಚೆ ಸಾಹುಕಾರನ ಬೋರ್ಡನ್ನು ಪದ್ಧತಿಯಂತೆ ಓದಿಕೊಂಡರು. ಎದ್ದು ನೋಡಿದರೆ ಬೋರ್ಡಿನಲ್ಲಿ ಬೇರೆಯೇ ಹೆಸರು, ಬೇರೆಯೇ ಬಣ್ಣ! ಸಾಹುಕಾರನ ಮನೆಯ ಅಣ್ಣತಮ್ಮಂದಿರು ಬೇರೆಯಾಗಿ ಅಂಗಡಿಯ ಹೆಸರು ಬದಲಾಗಿತ್ತು; ಕಾಕಾ ಮಲಗಿದ್ದಾಗಲೇ ಹಳೆಯ ಬೋರ್ಡ್ ಇಳಿಸಿ ಯಾರಿಂದಲೋ ಬರೆಸಿದ ಹೊಸದನ್ನು ಏರಿಸಿದ್ದರು. ಕಾಕಾನಿಗೆ ಅದೇನು ಗೊತ್ತು? ಅಕ್ಷರ ಬದಲಾಗಿದೆ, ಅಂದಮೇಲೆ ಕನಸು!

ನೂಲು ತೆಗೆದುಕೊಂಡು ನೇರ ಅಂಗಡಿಗೆ ನುಗ್ಗಿದರು. ಗಾದಿಯ ಮೇಲೆ ಕುಳಿತಿದ್ದ ಸಾಹುಕಾರನ ಕೈಗೆ ಒಂದು ತುದಿ ಕೊಟ್ಟು, "ಜಗ್ಗಿ ಹಿಡೀರಿ!" ಎಂದರು. ಆತ ತಬ್ಬಿಬ್ಬಾಗಿ ಹಿಡಿದ. "ದೇವರಿಗಿಂತ ದಪ್ಪ ಆಗಬೇಕೇನ್ ನೀವು? ಹೊಟ್ಟಿ ಆಗ್ಯದಲ್ಲ, ಸಾಲದೇನು?" ಎಂದು ಶುರುಮಾಡಿ, ವರ್ಷಗಟ್ಟಲೆ ನುಂಗಿದ್ದನ್ನೆಲ್ಲ ಹೊರಹಾಕಿದರು. ಕಾಕಾನ ಗಂಟಲು ಗೊತ್ತಲ್ಲ, ಇಡೀ ಬಜಾರು ನೆರೆಯಿತು. ಎಲ್ಲ ಮುಗಿಸಿ, ಇನ್ನು ಸಾಹುಕಾರ ಏನನ್ನುತ್ತಾನೋ ಕೇಳೋಣವೆಂದು ಖುಷಿಯಿಂದ ಕಿವಿ ಮುಂದೆ ಮಾಡಿದರು. ಸಾಹುಕಾರನ ಬಾಯಿ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು. ಸಪ್ಪಳವೇ ಇಲ್ಲ!

"ಎದಿ ಧಸಕ್ಕಂತು ನೋಡು. ಕನಸಲ್ಲ ಇದು, ಖರೇನೇ!" ಎಂದು ಕಾಕಾ ಆಮೇಲೆ ಹೇಳಿದರು. ಮತ್ತೇನು ಮಾಡಿದಿರಿ ಎಂದು ನಾನು ಪಾಟಿಯ ಮೇಲೆ ಬರೆದೆ. ಮಾಡುವುದೇನು, ಸಾಹುಕಾರನ ಕೈಯಲ್ಲಿ ನೂಲಿತ್ತಲ್ಲ, ಅದನ್ನು ಹೊಸ ಬೋರ್ಡಿಗೆ ಹಿಡಿದು, ಟಪ್ ಎಂದು ಗೆರೆ ಹೊಡೆದು, "ನಿಮ್ಮ ಬೋರ್ಡ್ ಸೊಟ್ಟ ಅದರಿ" ಎಂದು ಹೇಳಿ ಗಂಭೀರವಾಗಿ ಹೊರಟು ಬಂದರಂತೆ. ತಮಾಷೆ ಎಂದರೆ ಬೋರ್ಡ್ ನಿಜಕ್ಕೂ ಸೊಟ್ಟಗಿತ್ತು! ವಾರದೊಳಗೆ ಸಾಹುಕಾರ ಅದನ್ನು ಕಾಕಾನಿಂದಲೇ ಮತ್ತೆ ಬರೆಸಿದ. ಈ ಸಲ ದೇವರ ಹೆಸರೇ ದಪ್ಪ.

ನಗೆಯ ಮಾತು ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಕಾಕಾ ಇನ್ನೊಂದು ಪ್ರಯೋಗಕ್ಕೆ ಕೈ ಹಾಕಿದರು. ಬೇರೆಯವರು ನಿಲ್ಲುತ್ತಾರೆ, ಮಗಳು ಮಾತ್ರ ನಿಲ್ಲುವುದಿಲ್ಲ, ಯಾಕೆ? ಅವಳನ್ನು ಕಂಡರೆ ಖುಷಿಯಾಗುತ್ತದೆ, ಖುಷಿಯೇ ಎಬ್ಬಿಸುತ್ತದೆ. ಅಂದಮೇಲೆ ಖುಷಿಯಾಗದಿರುವುದನ್ನು ಕಲಿಯಬೇಕು! ಕಲ್ಲಿನ ಮುಖ ಮಾಡಿಕೊಂಡು ಓಡಾಡತೊಡಗಿದರು. ಹೋಳಿಗೆ ಮಾಡಿದರೆ ಔಷಧಿ ತಿಂದ ಹಾಗೆ ತಿಂದರು. ಕಾಕು ಪಾಟಿಯ ಮೇಲೆ, "ಯಾರ್ ಸತ್ತಾರ?" ಎಂದು ಬರೆದಳು. ನೀಲಮ್ಮ ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಬಂದು ಗುಣಪತ್ರಿಕೆ ತೋರಿಸಿದರೆ "ಹೂಂ" ಎಂದು ಗೋಡೆ ನೋಡಿದರು. ಹುಡುಗಿ ಅದನ್ನು ಮಡಚಿಕೊಂಡು ಹಿತ್ತಲಿಗೆ ಹೋದಳು. ನನಗೆ ತಡೆಯಲಾಗಲಿಲ್ಲ. "ಕನಸಿನ ಮಗಳ ಸಲುವಾಗಿ ಮನೆಯ ಮಗಳನ್ನು ಅಳಿಸುತ್ತೀರಲ್ಲ, ನಾಚಿಕೆ ಇಲ್ಲವೇ?" ಎಂದು ಬರೆದು ಪಾಟಿಯನ್ನು ಅವರ ತೊಡೆಯ ಮೇಲೆ ಕುಕ್ಕಿದೆ. ಕಾಕಾ ಎರಡು ಸಲ ಓದಿದರು. ಹಿತ್ತಲಿಗೆ ಹೋಗಿ ಮಗಳ ತಲೆ ಸವರಿ ಬಂದರು. ಆಮೇಲೆ ನಾಲ್ಕು ದಿನ ಮಧ್ಯಾಹ್ನ ಮಲಗಲೇ ಇಲ್ಲ.

ಐದನೆಯ ದಿನ ಮತ್ತೆ ಮಲಗಿದ್ದನ್ನು ಕಂಡು ಕಾಕು ಹೆದರಿ, ನಮ್ಮ ಮನೆತನದ ಗುರುಗಳಾದ ಐನೋರನ್ನು ಕರೆಸಿದಳು. ಅವರು ಜಿಡಗಾ ಕಡೆಯ ಹಿರಿಯರು. "ಐನೋರ, ಇವರಿಗೊಂದೀಟು ಬುದ್ಧಿ ಹೇಳ್ರಿ" ಎಂದು ಸೆರಗೊಡ್ಡಿದಳು. ಐನೋರು ಬೈಯಬೇಕೋ ಬೇಡವೋ? "ಕನಸಿನ್ಯಾಗ ಕನಸಂತ ಗೊತ್ತಾಗ್ತದೇನ್ ಖರೇನೇ?" ಎಂದು ಕಣ್ಣರಳಿಸಿ ಚಕ್ಕಳಮಕ್ಕಳ ಹಾಕಿಯೇ ಬಿಟ್ಟರು! ಎಲ್ಲ ಕೇಳಿ ಬುದ್ಧಿಮಾತು ಶುರುಮಾಡಿದರು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ.

"ದಿನಾ ಪೂಜಾಕ್ಕ ಕುಂದರ್ತಿ. ಅಂಗೈಯಾಗಿನ ಲಿಂಗ ನೋಡ್ತಿ. ಆಗ ಎದ್ದು ಕುಣೀತೀಯೇನಪಾ? ಇಲ್ಲ. ಮಾರಿ ಕಲ್ಲ ಮಾಡ್ಕೋತೀಯೇನು? ಅದೂ ಇಲ್ಲ. ನೋಡ್ಕೋತ ಇರ್ತಿ, ಅಷ್ಟೇ. ಮಗಳನ್ನೂ ಹಂಗ ನೋಡು. ಖುಷಿ ಬರ್ತದೋ, ಬರಲಿ. ನೀ ನೋಡೂದು ಬಿಡಬ್ಯಾಡ."

ಕಾಕಾ ಆ ಪಾಟಿಯನ್ನು ಅವತ್ತು ಒರೆಸಗೊಡಲಿಲ್ಲ. ಮುಂದಿನ ವಾರ ಐನೋರು ಯಾರೂ ಕರೆಯದೆ ಮತ್ತೆ ಬಂದರು. ಕಾಕಾನ ವಿಚಾರಕ್ಕಲ್ಲ. "ನನಗ ಮೂರು ರೊಟ್ಟಿಗೆ ಏನೂ ಬೀಳವಲ್ದು, ಎರಡೂವರಿ ತಿಂದು ನೋಡ್ಲೇನು, ಕೇಳಿ ಹೇಳವ್ವ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು!

ಅದಾಗಿ ಎಷ್ಟೋ ದಿನದ ಮೇಲೆ ಒಂದು ರವಿವಾರ. ಪಡಸಾಲೆಯಲ್ಲಿ ನಾನು ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ, ನೀಲಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಕಾ ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದು ನನ್ನ ಪಕ್ಕ ಕುಳಿತರು. ಕೂಗಲಿಲ್ಲ. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು.

"ಕೇಳಿ ಬಂದೆ ಬೇ."

ಉದ್ದನೆಯ ಬಿಳಿ ಗೋಡೆಯಂತೆ. ಮಗಳು ಬಂದಳಂತೆ. ನೂಲಿನ ತುದಿ ಕೊಟ್ಟರಂತೆ. ಖುಷಿ ಬಂತಂತೆ, ಬರಲಿ ಎಂದು ಸುಮ್ಮನೆ ಅವಳನ್ನು ನೋಡುತ್ತ ನಿಂತರಂತೆ. "ನೂಲು ಹರೀಲಿಲ್ಲ. ಮಾತಾಡಿದಳು. ಸಾಲಿದು, ನಿಂದು, ಅವರವ್ವಂದು, ಎಲ್ಲಾ ಹೇಳಿದಳು. ಕಡೀಕ, 'ಅಪ್ಪಾ, ಕೈ ಸೋತಾವು, ಇನ್ನ ಬಿಡ್ಲ್ಯಾ?' ಅಂದಳು. ಬಿಡವ್ವಾ ಅಂದೆ. ಎಚ್ಚರಾತು." ಹೀಗೆ ಹೇಳಿ ಕಾಕಾ ನನ್ನ ಮುಖ ನೋಡಿದರು. "ಆಕಿ ಧ್ವನಿ ಹೇಳ್ತೇನಿ ಕೇಳು. ಹೌದೋ ಅಲ್ಲೋ ಬರಿ" ಎಂದು ಗಂಟಲು ಸರಿಮಾಡಿಕೊಂಡು ಅನುಕರಿಸಿದರು.

"ಅಪ್ಪಾ, ಕೈ ಸೋತಾವು, ಇನ್ನ ಬಿಡ್ಲ್ಯಾ?"

ಹತ್ತು ವರ್ಷ ತನ್ನನ್ನೇ ತಾನು ಕೇಳದ ಆ ಗಂಟಲು ನಡುಗುತ್ತ, ಏರುತ್ತ, ಎಳೆಯ ತೆಳ್ಳನೆಯ ಧ್ವನಿಯಾಯಿತು. ಮಾತಿನ ಕೊನೆಗೆ ಒಂದು ರಾಗ, ಮರಾಠಿಯವರು ಎಳೆದ ಹಾಗೆ. ಅಡುಗೆಮನೆಯ ಬಾಗಿಲಲ್ಲಿ ಕಾಕು ಯಾವಾಗ ಬಂದು ನಿಂತಿದ್ದಳೋ. "ಅದು ನನ್ನ ಧ್ವನಿ" ಎಂದಳು ಮೆಲ್ಲಗೆ. "ಲಗ್ನ ಆದ ಹೊಸದಾಗಿ ನಾ ಹಂಗೇ ಮಾತಾಡ್ತಿದ್ದೆ." ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಕಾಕಾನಿಗೆ ಇದೇನೂ ಕೇಳಿಸಿರಲಿಲ್ಲ. ಅವರು ನನ್ನ ಕೈಯ ಬಳಪವನ್ನೇ ನೋಡುತ್ತಿದ್ದರು. ಏನು ಬರೆಯಲಿ? ಅಲ್ಲ ಎನ್ನಲು ಮನಸ್ಸು ಬರಲಿಲ್ಲ, ಹೌದು ಎನ್ನಲು ಕೈ ಏಳಲಿಲ್ಲ. ಅಷ್ಟರಲ್ಲಿ ನೀಲಮ್ಮ ಮೊರ ಕೆಳಗಿಟ್ಟು ಬಂದು, ನನ್ನ ಕೈಯಿಂದ ಬಳಪ ಕಿತ್ತುಕೊಂಡು, ದೊಡ್ಡದಾಗಿ "ಹೌದು" ಎಂದು ಬರೆದಳು. ಕಾಕಾ ನಕ್ಕರು, ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ನಾನು ಪೇಪರಿನ ಮೇಲೆ ಬಗ್ಗಿ ಅತ್ತುಬಿಟ್ಟೆ.

ತೊಂಬತ್ತರ ದಶಕದಲ್ಲಿ ನೀಲಮ್ಮ ಜೇವರ್ಗಿ ಕಡೆಯ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆದಳು. ಆ ಗಂಟಲಿಗೆ ತಕ್ಕ ಕೆಲಸ! ಒಮ್ಮೆ ಕಾಕಾನನ್ನು ಕರೆದುಕೊಂಡು ಅವಳನ್ನು ನೋಡಲು ಹೋಗಿದ್ದೆ. ಮೈದಾನದಲ್ಲಿ ನಿಂತು "ಸಾವಧಾನ್!" ಎಂದು ಗುಡುಗುತ್ತಿದ್ದಳು, ನಾಲ್ಕುನೂರು ಮಕ್ಕಳು ಗಡಗಡ ನಡುಗುತ್ತಿದ್ದರು. ಗಿಡದ ನೆರಳಲ್ಲಿ ನಿಂತ ಅಪ್ಪನನ್ನು ಕಂಡು ಓಡಿ ಬಂದು, ಕೈ ಹಿಡಿದುಕೊಂಡು, ತೆಳ್ಳನೆಯ ಎಳೆಯ ಧ್ವನಿಯಲ್ಲಿ, ಕೊನೆಗೆ ರಾಗ ಎಳೆದು, "ಅಪ್ಪಾ, ಉಂಡೀರೇನ್ರಿ?" ಎಂದಳು. ಮುಂದಿನ ಸಾಲಿನ ಮಕ್ಕಳು ಕಿಸಕ್ಕನೆ ನಕ್ಕರು. ಆ ರವಿವಾರದಿಂದಲೂ ಹೀಗೇ, ಅಪ್ಪನ ಎದುರಿಗೆ ಅವಳಿಗೆ ಬೇರೆ ಧ್ವನಿಯೇ ಇಲ್ಲ.

"ಹುಚ್ಚಿ" ಎಂದೆ ನಾನು. "ಅವರಿಗೇನ್ ಕೇಳಿಸ್ತದೇನು? ಯಾಕ ಸುಮ್ಮನ ಗಂಟಲ ತ್ರಾಸ ಮಾಡ್ಕೋತಿ?"

ನೀಲಮ್ಮ ಅಪ್ಪನ ಕೈ ಬಿಡದೆ ಹೇಳಿದಳು.

"ಅಷ್ಟು ಕಷ್ಟಪಟ್ಟು ಹೋಗಿ ಕೇಳ್ಕೊಂಡು ಬಂದಾರ ಅಕ್ಕಾ. ಅದು ನಂದಲ್ಲ ಅಂತ ನಾ ಹ್ಯಾಂಗ ಅನ್ನಲಿ? ಅದಕ್ಕ ನಂದೇ ಮಾಡ್ಕೊಂಡೇನಿ."